ಸೀಟಿ ಹೆಪ್ಪುಗಟ್ಟಿತ್ತು

ರೆಫರಿ ಎರಡೂ ಕೈಗಳನ್ನು ಅಗಲವಾಗಿ ಬೀಸಿದ. ಇಲ್ಲ... ಗೋಲು ಇಲ್ಲ.

ಲೆಸ್ಯಾಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅವಳು ಕೋಲಿನಿಂದ ತಳ್ಳಿದ ಪಕ್, ಆ ಕಪ್ಪು ರಬ್ಬರ್ ಬಿಲ್ಲೆ, ಅವಳ ಕಣ್ಣೆದುರೇ ಬಲೆಯೊಳಗೆ ಬಿದ್ದಿತ್ತು. ಗೆಳತಿಯರು ಆಗಲೇ ಓಡಿ ಬಂದು ಅವಳನ್ನು ತಬ್ಬಿಕೊಂಡಿದ್ದರು. ಸಮಬಲದ ಸೆಮಿಫೈನಲ್‌ನಲ್ಲಿ ಮುಂದಿನ ಗೋಲು ಹೊಡೆದವರೇ ಗೆಲ್ಲುವ ಹೊತ್ತು ಅದು. ಬ್ರೆನ್ಲಿ ವಿಶ್ವವಿದ್ಯಾಲಯದ ಹೆಂಗಸರ ಐಸ್ ಹಾಕಿ ತಂಡ ಗೆದ್ದಿತ್ತು, ಫೈನಲ್ ತಲುಪಿತ್ತು... ಅವನು ಕೈ ಬೀಸುವವರೆಗೆ.

ಅವಳು ಸ್ಕೇಟಿನಲ್ಲಿ ಐಸು ಕೆರೆದುಕೊಂಡು ಹೋಗಿ ನೇರ ಅವನ ಎದುರು ನಿಂತಳು.

"ಯಾಕ್ರೀ ಇಲ್ಲ?"

"ಪಕ್ ಗೋಲ್‌ಕೀಪರ್ ಕೈಕೆಳಗೆ ಮುಚ್ಚಿಹೋಗಿತ್ತು. ನೀವು ತಳ್ಳೋಕೆ ಮೊದಲೇ ಆಟ ನಿಂತಿತ್ತು."

"ಸೀಟಿ ಕೇಳಿಸ್ಲೇ ಇಲ್ವಲ್ಲ?"

"ನಿಲ್ಲಿಸ್ಬೇಕು ಅಂತ ರೆಫರಿ ನಿರ್ಧಾರ ಮಾಡಿದ ಕ್ಷಣಕ್ಕೇ ಆಟ ನಿಂತ ಹಾಗೆ. ಸೀಟಿ ಸದ್ದು ಆಮೇಲಿಂದು. ನಿಯಮ ಇರೋದೇ ಹಾಗೆ."

"ಓಹೋ. ಅಂದ್ರೆ ಮನಸ್ಸಲ್ಲೇ ಊದಿದ್ರಿ."

ಮರದ ಬೆಂಚುಗಳ ಮೇಲೆ ಕಂಬಳಿ ಹೊದ್ದು ಕೂತಿದ್ದ ಜನ ಗೊಳ್ಳೆಂದು ನಕ್ಕರು. ಹಿಂದಿನ ಸಾಲಿನಿಂದ ಯಾರೋ ಕೂಗಿದ, "ಸೀಟಿ ಹೆಪ್ಪುಗಟ್ಟಿತ್ತೇನಪ್ಪಾ?" ನಗು ಇನ್ನಷ್ಟು ಜೋರಾಯಿತು.

ಆ ಊರಿನಲ್ಲಿ ಅದೊಂದು ಗಾದೆ. ಕುಣಿಯಲಾರದವಳಿಗೆ ನೆಲ ಡೊಂಕಾದರೆ, ಬ್ರೆನ್ಲಿಯ ಸೋಮಾರಿಗೆ ಸೀಟಿ ಹೆಪ್ಪುಗಟ್ಟುತ್ತದೆ. ತಡವಾಗಿ ಮನೆಗೆ ಬಂದ ಗಂಡ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಹುಡುಗ, ಹಸು ತಪ್ಪಿಸಿಕೊಂಡ ರೈತ, ಎಲ್ಲರಿಗೂ ಊರು ಕೇಳುವ ಪ್ರಶ್ನೆ ಅದೇ.

ರೆಫರಿಯ ಮುಖ ಕೆಂಪಾಯಿತು. ಅವನ ಕೆಳತುಟಿಯ ಮೇಲೆ ಒಂದು ಹನಿ ರಕ್ತ ಇತ್ತು. 'ಚಳಿಗೆ ಒಡೆದಿರಬೇಕು, ಇನ್ನೂ ಒಡೀಲಿ,' ಎಂದುಕೊಂಡಳು ಲೆಸ್ಯಾ.

"ಊದಿದ್ದೆ," ಎಂದ ಅವನು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಕೋಪವೆಂಬುದು ಲೆಸ್ಯಾಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಕೈಗವಸು ಕಿತ್ತು ಅವನ ಎದೆಗೆ ಬೀಸಿ ಒಗೆದಳು. ಅವನು ಅದನ್ನು ಹೆಕ್ಕಿ, ಅಂಟಿದ್ದ ಹಿಮ ಕೊಡವಿ, ವಾಪಸು ಅವಳ ಕೈಗೆ ಕೊಟ್ಟ. ಆಮೇಲೆ ಶಿಕ್ಷೆಯ ಬೆಂಚಿನ ಕಡೆ ಬೆರಳು ತೋರಿಸಿದ.

ಅವಳು ಆ ಬೆಂಚಿನ ಮೇಲೆ ಕೂತು, ತಂಡದಲ್ಲಿ ಒಬ್ಬಳು ಕಮ್ಮಿಯಾಗಿದ್ದಾಗಲೇ ಎದುರಾಳಿಗಳು ಗೋಲು ಹೊಡೆದರು. ಪಂದ್ಯ ಮುಗಿಯಿತು.

ಇದು ಎಪ್ಪತ್ತರ ದಶಕದ ಮಾತು. ಬ್ರೆನ್ಲಿಯ ಆ ಹಳೇ ಮರದ ರಿಂಕ್, ಅಂದರೆ ಐಸ್ ಅಂಗಳದ ಕಟ್ಟಡ, ಅದರ ಒಳಗೂ ಹೊರಗಿನಷ್ಟೇ ಚಳಿ. ಅದರ ಓಣಿಯ ಗೋಡೆಯಲ್ಲಿ ಒಂದು ಫೋಟೋ ತೂಗುಹಾಕಿದ್ದರು. ಉಣ್ಣೆಯ ಸ್ವೆಟರು, ಮೊಣಕಾಲಿನ ಕೆಳಗಿಳಿದ ಲಂಗ, ಕೈಯಲ್ಲಿ ಹಾಕಿ ಕೋಲು, ನಗುತ್ತಿರುವ ಹುಡುಗಿಯರು. ಲೆಸ್ಯಾ ಹುಟ್ಟುವುದಕ್ಕೆ ಎಷ್ಟೋ ಮೊದಲು ಬ್ರೆನ್ಲಿಗೆ ಒಂದು ಹೆಂಗಸರ ತಂಡ ಇತ್ತು ಎಂಬುದಕ್ಕೆ ಉಳಿದ ಸಾಕ್ಷಿ ಅದೊಂದೇ. ಯುದ್ಧದ ಕಾಲದಲ್ಲಿ ರಿಂಕನ್ನು ಗೋದಿಯ ಗೋದಾಮು ಮಾಡಿದರಂತೆ. ಯುದ್ಧ ಮುಗಿದ ಮೇಲೆ ಗಂಡಸರ ತಂಡ ವಾಪಸು ಬಂತು. ಹೆಂಗಸರದ್ದು ಬರಲಿಲ್ಲ. ಬರಲಿಲ್ಲ ಎಂಬುದನ್ನು ಯಾರೂ ಗಮನಿಸಲೂ ಇಲ್ಲ. ಫೋಟೋದ ಕೆಳಗೆ ಒಬ್ಬಳ ಹೆಸರೂ ಇರಲಿಲ್ಲ.

ಲೆಸ್ಯಾ ಮತ್ತು ಅವಳ ಗೆಳತಿ ಜಿಲೇನ್ ಆ ಫೋಟೋದ ಕೆಳಗೆ ನಿಂತೇ ತಂಡವನ್ನು ಮತ್ತೆ ಕಟ್ಟುವ ಮಾತಾಡಿದ್ದರು. ಜಿಲೇನ್ ಫ್ರೆಂಚ್ ಮನೆಯವಳು, ಗೋಲ್‌ಕೀಪರ್, ಬಾಯಿಗೆ ಬೀಗವಿಲ್ಲ. ತಮ್ಮಂದಿರ ಹಳೇ ಕಾಲುಪಟ್ಟಿ, ಅಣ್ಣಂದಿರ ಸ್ಕೇಟು, ಗಂಡಸರ ತಂಡ ಬಿಸಾಕಿದ ಅಂಗಿ. ಗಂಡಸರ ತಂಡದ ಹೆಸರು ಲಿಂಕ್ಸ್, ಅಂದರೆ ಕಾಡುಬೆಕ್ಕು. ಇವರಿಗೆ ಸಿಕ್ಕ ಹೆಸರು ಲಿಂಕ್ಸೆಟ್ಸ್. ಬೆಕ್ಕಿನ ಮರಿಗಳು ಅಂದುಕೊಳ್ಳಿ. ಹೆಸರಿಗೆ ಹತ್ತಿದ ಆ 'ಎಟ್ಸ್' ಬಾಲ ಉದುರಲು ಇನ್ನೂ ಎಷ್ಟೋ ವರ್ಷ ಬೇಕಾಯಿತು.

ಸೋತ ಆ ವಸಂತದಲ್ಲೇ ಕ್ರೀಡಾ ನಿರ್ದೇಶಕ ಹಾಲ್ಡೇನ್ ಅವಳನ್ನು ಕರೆಸಿದರು. ಫೈನಲ್ ತಲುಪಿದ್ದರೆ ಬೇರೆ ಮಾತು, ಈಗ ನಿಮ್ಮ ಐಸನ್ನು ಗಂಡಸರ ಎರಡನೇ ತಂಡಕ್ಕೆ ಕೊಡುತ್ತೇವೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಅವಳು ಹೊರಗೆ ಬಂದು ಫೋಟೋದ ಮುಂದೆ ನಿಂತಳು. 'ನಾವೂ ಹೀಗೇ ಆಗ್ತೀವಾ? ಹೆಸರಿಲ್ಲದ ಇನ್ನೊಂದು ಫೋಟೋ?' ಇಷ್ಟಕ್ಕೆಲ್ಲ ಕಾರಣ ಒಬ್ಬನೇ ಒಬ್ಬ. ಮನಸ್ಸಲ್ಲೇ ಸೀಟಿ ಊದುವ ಆ ಪುಣ್ಯಾತ್ಮ!

ಪುಣ್ಯಾತ್ಮನ ಹೆಸರು ಐನಾರ್. ಸರೋವರದ ದಡದ ಐಸ್‌ಲ್ಯಾಂಡಿನಿಂದ ವಲಸೆ ಬಂದವರ ಹಳ್ಳಿಯ ಹುಡುಗ, ಮೀನುಗಾರರ ಮನೆ. ವಾರವೆಲ್ಲ ಬ್ರೆನ್ಲಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ರಜೆ ಬಂದರೆ ರೆಫರಿ. ಲೆಕ್ಕ ತಪ್ಪಿದರೆ ತಪ್ಪು, ಸರಿ ಇದ್ದರೆ ಸರಿ. ನಡುವೆ ಇನ್ನೊಂದಿದೆ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಮುಂದಿನ ಚಳಿಗಾಲ ಹುಡುಗಿಯರು ಸುಮ್ಮನೆ ಕೂರಲಿಲ್ಲ. ನದಿಯ ದಡದಲ್ಲಿ ಹಲಗೆ ನೆಟ್ಟು, ನೀರು ಹಾಯಿಸಿ ತಮ್ಮದೇ ಐಸು ಮಾಡಿಕೊಂಡರು. ವಿಶ್ವವಿದ್ಯಾಲಯದ ಹೆಸರಿಲ್ಲ, ಕೋಚ್ ಇಲ್ಲ. ಪಂದ್ಯಗಳು ಲೀಗಿನಲ್ಲಿ ಸೇರಬೇಕಾದರೆ ನೋಂದಾಯಿತ ರೆಫರಿ ಒಬ್ಬ ಬೇಕು. ಬೆಳಗಾಗುವ ಮೊದಲೇ, ಬಯಲಿನ ಗಾಳಿಯಲ್ಲಿ, ಬಿಟ್ಟಿಗೆ ಬರುವ ರೆಫರಿ ಎಲ್ಲಿ ಸಿಗುತ್ತಾನೆ?

ಒಬ್ಬ ಸಿಕ್ಕಿದ. ಮೊದಲ ದಿನ ಲೆಸ್ಯಾ ಬರುವಷ್ಟರಲ್ಲಿ ಅವನು ಐಸಿನ ಮೇಲಿನ ಹಿಮವನ್ನು ಗೋರುತ್ತಿದ್ದ.

"ನಿಮ್ಮನ್ನ ಯಾರು ಕರೆದ್ರು?" ಎಂದಳು.

"ಜಿಲೇನ್."

ಲೆಸ್ಯಾ ಜಿಲೇನ್ ಕಡೆ ತಿರುಗಿದಳು. ಜಿಲೇನ್ ಕಾಲುಪಟ್ಟಿ ಕಟ್ಟಿಕೊಳ್ಳುತ್ತಾ ತಲೆ ಎತ್ತದೆಯೇ ಹೇಳಿದಳು, "ಕರೆದದ್ದು ನಾಲ್ಕು ಜನಾನ ಕಣೇ. ಬಂದಿದ್ದು ಇವನೊಬ್ಬ. ಆಟ ಬೇಕಾ, ನಿನ್ನ ಸಿಟ್ಟು ಬೇಕಾ?"

ಆಟ ಬೇಕಾಗಿತ್ತು.

ಹಾಗೆ ಶುರುವಾಯಿತು ಆ ಚಳಿಗಾಲ. ಲೆಸ್ಯಾ ಅವನನ್ನು 'ರೆಫರಿ' ಎಂದಲ್ಲದೆ ಹೆಸರು ಹಿಡಿದು ಕರೆಯಲಿಲ್ಲ. ಅವನು ಅವಳಿಗೆ ರಿಯಾಯಿತಿ ಕೊಡಲಿಲ್ಲ. ಯಾರನ್ನಾದರೂ ಹಲಗೆಗೆ ಒತ್ತಿದರೆ ಸೀಟಿ, ಕೋಲು ಅಡ್ಡ ಹಾಕಿದರೆ ಸೀಟಿ. ತಂಡದಲ್ಲಿ ಅತಿ ಹೆಚ್ಚು ಹೊತ್ತು ಶಿಕ್ಷೆಯ ಬೆಂಚಿನಲ್ಲಿ ಕೂತವಳು ಅವಳೇ.

ಆದರೆ ಬೆಂಚಿನಲ್ಲಿ ಕೂತವಳಿಗೆ ನೋಡಲು ಬೇರೆ ಏನಿರುತ್ತದೆ? ಅವಳು ಅವನನ್ನೇ ನೋಡಿದಳು. ಬಿದ್ದ ಹುಡುಗಿಗೆ ಎದುರಾಳಿ ಎನ್ನದೆ ಕೈ ಕೊಡುವುದು, ಸೀಟಿಯನ್ನು ಕೈಗವಸಿನೊಳಗೆ ಅಂಗೈಯಲ್ಲಿ ಮುಚ್ಚಿಟ್ಟುಕೊಂಡೇ ಓಡಾಡುವುದು, ಪಂದ್ಯ ಮುಗಿದ ಮೇಲೆ ಎರಡೂ ಕಡೆಯವರು ಸಾಲಾಗಿ ಕೈಕುಲುಕುವಾಗ ದೂರ ನಿಂತು ಟೋಪಿ ತೆಗೆಯುವುದು.

ಒಂದು ಬೆಳಿಗ್ಗೆ ಅವನು ಅಮ್ಮ ಮಾಡಿದ ಪ್ಲಮ್ ಹಣ್ಣಿನ ಪದರ ಕೇಕು ತಂದಿದ್ದ. ಲೆಸ್ಯಾ ಹಸಿವಿಲ್ಲ ಎಂದಳು. ಎಲ್ಲರೂ ಹೋದ ಮೇಲೆ ಶೆಡ್ಡಿನ ಹಿಂದೆ ನಿಂತು ಎರಡು ತುಂಡು ತಿಂದಳು. ತಿರುಗಿದರೆ ಅವನು! ಸಲಿಕೆ ಹಿಡಿದು ನಿಂತವನು ಏನೂ ನೋಡದವನ ಹಾಗೆ ಆಕಾಶ ನೋಡಿದ. ಅವಳು ಬಾಯಲ್ಲಿದ್ದುದನ್ನು ನುಂಗಿ, ಚೆನ್ನಾಗಿದೆ ಅಂತ ನಿಮ್ಮಮ್ಮನಿಗೆ ಹೇಳಿ ಎಂದು ಗಂಟುಮುಖದಲ್ಲೇ ಹೇಳಿದಳು.

ಆ ವಾರದಿಂದ ನದಿಯ ರಸ್ತೆಯಲ್ಲಿ ಅವನ ಹಸಿರು ಟ್ರಕ್ಕಿನ ದೀಪ ಕಾಣುವವರೆಗೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. 'ಥೂ, ನನಗೇನಾಗಿದೆ? ನಮ್ಮ ತಂಡ ಮುಳುಗಿಸಿದವನು ಕಣೇ ಅವನು,' ಎಂದು ತನ್ನನ್ನೇ ಬೈದುಕೊಂಡಳು. ಬೈಗುಳಕ್ಕೆ ಹೃದಯ ಎಲ್ಲಿ ಬಗ್ಗುತ್ತದೆ?

ಕೊನೆಗೊಂದು ದಿನ ಅವಳೇ ಸೋತಳು. ಬೆರಳು ಉಳುಕಿ ಸ್ಕೇಟಿನ ದಾರ ಕಟ್ಟಲಾಗದೆ ಒದ್ದಾಡುತ್ತಿದ್ದಳು. ಅವನು ಏನೂ ಕೇಳದೆ ಮುಂದೆ ಕೂತು, ಒಂದೊಂದೇ ತೂತಿಗೆ ದಾರ ಎಳೆದು ಬಿಗಿದ. ಬಾಗಿದ ಅವನ ತಲೆಯ ಮೇಲೆ ಹಿಮದ ಪುಡಿ ಕೂತಿತ್ತು. ಅದನ್ನು ಒರೆಸಬೇಕು ಎಂದು ಅವಳ ಕೈ ಎದ್ದೇಬಿಟ್ಟಿತು... ಹೇಗೋ ತಡೆದುಕೊಂಡಳು.

"ಒಂದು ಮಾತು ಹೇಳಿಬಿಡಿ," ಎಂದಳು. ದನಿ ಅವಳದೇ ಎನಿಸಲಿಲ್ಲ. "ಆ ದಿನ ತಪ್ಪಾಯ್ತು ಅಂತ. ಅಷ್ಟೇ ಸಾಕು ನಂಗೆ. ಮಿಕ್ಕಿದ್ದೆಲ್ಲ ಮರೆತುಬಿಡ್ತೀನಿ."

ಅವನ ಕೈ ನಿಂತಿತು. ಅವನಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನೋಡುವ ತಾಳ್ಮೆ ಅವಳಿಗಿರಲಿಲ್ಲ.

"ತಪ್ಪಾಗಿರ್ಲಿಲ್ಲ, ಲೆಸ್ಯಾ."

ಒಂದು ಸುಳ್ಳು. ಒಂದೇ ಒಂದು ಸಣ್ಣ ಸುಳ್ಳು ಹೇಳಲಾರನೇ ನನಗೋಸ್ಕರ? ಅವಳು ಕಾಲು ಎಳೆದುಕೊಂಡು ಎದ್ದು ಹೋದಳು.

ಅಷ್ಟರಲ್ಲೇ ವಿಶ್ವವಿದ್ಯಾಲಯದ ಕ್ರೀಡಾ ಸಮಿತಿ ಹುಡುಗಿಯರು ಹಾಕಿದ್ದ ಅರ್ಜಿಯನ್ನು ಕೇಳಲು ಒಪ್ಪಿತು. ತಂಡ ವಾಪಸು ಬರಬಹುದು, ಇದೇ ಕೊನೆಯ ಅವಕಾಶ. ಹುಡುಗಿಯರೆಲ್ಲ ಕೂತು ಒಂದು ಉಪಾಯ ಹೂಡಿದರು. ಆ ಗೋಲು ನಿಜವಾಗಿ ಆಗಿತ್ತು, ನಾನೇ ಎಡವಿದೆ ಎಂದು ರೆಫರಿ ಸಮಿತಿಯ ಮುಂದೆ ಹೇಳಿದರೆ ಸಾಕು. ಫೈನಲ್ ತಲುಪಬೇಕಾಗಿದ್ದ ತಂಡವನ್ನು ಹಾಲ್ಡೇನ್ ಯಾವ ಬಾಯಲ್ಲಿ ಬೇಡ ಎನ್ನುತ್ತಾರೆ?

ಜಿಲೇನ್ ಅವನನ್ನು ಕೇಳಿದಳು, ಬೇಡಿಕೊಂಡಳು. ಅವನು ಒಪ್ಪಲಿಲ್ಲ. ತಂಡ ಉಳಿಯಲಿ ಎಂದು ತನಗೂ ಆಸೆಯಿದೆ, ಬೇರೆ ಏನು ಬೇಕಾದರೂ ಮಾಡುತ್ತೇನೆ, ಆಗದ ಗೋಲನ್ನು ಆಯಿತು ಎನ್ನಲಾರೆ ಎಂದ.

ಲೆಸ್ಯಾ ಮುಂದೆ ಬಂದಳು. "ಹಾಗಾದ್ರೆ ನಾಳೆಯಿಂದ ಬರ್ಬೇಡಿ. ನಿಮ್ಮ ನಿಯಮ ಇಟ್ಕೊಂಡು ನೀವೇ ಆಡ್ಕೊಳ್ಳಿ."

ಅವನು ಕೊರಳಿನಿಂದ ಹಿತ್ತಾಳೆಯ ಸೀಟಿ ತೆಗೆದು, ಅಭ್ಯಾಸಕ್ಕೆ ಬೇಕಾಗುತ್ತದೆ ಎಂದು ಶೆಡ್ಡಿನ ಮೊಳೆಗೆ ತೂಗುಹಾಕಿ ಹೊರಟುಹೋದ.

ಟ್ರಕ್ಕಿನ ಸದ್ದು ದೂರವಾಗುವವರೆಗೂ ಅವಳು ಆ ಮೊಳೆಯನ್ನೇ ನೋಡುತ್ತಾ ನಿಂತಳು. ಬೇಕಾದ್ದೇ ತಾನೇ ಇದು? ಮತ್ತೆ ಯಾಕೆ ಈ ಅಳು...

ಮಾರನೆಯ ದಿನ ಆ ವರ್ಷದ ಅತಿ ಕೆಟ್ಟ ಚಳಿ. ರೆಪ್ಪೆಯ ಕೂದಲು ಒಂದಕ್ಕೊಂದು ಅಂಟುತ್ತಿತ್ತು. ತಂಡವನ್ನು ಎರಡು ಭಾಗ ಮಾಡಿ ಅಭ್ಯಾಸಕ್ಕೆ ಇಳಿದರು. ಬೆರಳು ಇನ್ನೂ ಊದಿಕೊಂಡಿದ್ದ ಲೆಸ್ಯಾ ಮೊಳೆಯ ಮೇಲಿನ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡಳು, ರೆಫರಿಯಾದಳು.

ಗೋಲಿನ ಮುಂದೆ ಗುಂಪು ಸೇರಿತು. ಪಕ್ ಜಾರಿ ಬಂದು ಜಿಲೇನಳ ಕೈಕೆಳಗೆ ಮುಚ್ಚಿಹೋಯಿತು. ಲೆಸ್ಯಾ ಸ್ಪಷ್ಟವಾಗಿ ನೋಡಿದಳು. ಸೀಟಿ ತುಟಿಗಿಟ್ಟು ಎದೆ ತುಂಬ ಉಸಿರೆಳೆದು ಊದಿದಳು.

ಫುಸ್.

ಸದ್ದಿಲ್ಲ. ಒಳಗಿನ ಬಿರಡೆಯ ಗುಂಡು ಹೆಪ್ಪುಗಟ್ಟಿ ಕೂತಿತ್ತು. ಮತ್ತೆ ಊದಿದಳು, ಬರೀ ಗಾಳಿ. ಅಷ್ಟರಲ್ಲಿ ಯಾರೋ ಜಿಲೇನಳ ಕೈಕೆಳಗಿಂದ ಪಕ್ಕನ್ನು ಕೆದಕಿ ಬಲೆಗೆ ತಳ್ಳಿಬಿಟ್ಟಿದ್ದರು. ಒಂದು ಕಡೆ ಕುಣಿತ, ಇನ್ನೊಂದು ಕಡೆ ಜಗಳ.

ಲೆಸ್ಯಾ ಎರಡೂ ಕೈ ಅಗಲವಾಗಿ ಬೀಸಿದಳು. ಇಲ್ಲ. ಗೋಲು ಇಲ್ಲ.

"ಯಾಕೆ ಇಲ್ಲ? ಸೀಟಿ ಊದ್ಲೇ ಇಲ್ವಲ್ಲ ನೀನು," ಎಂದಳು ಗೋಲು ತಳ್ಳಿದ ಹುಡುಗಿ.

"ಊದಿದ್ದೆ," ಎಂದಳು ಲೆಸ್ಯಾ.

ಹಾಗೆಂದವಳು ಅಲ್ಲೇ ನಿಂತುಬಿಟ್ಟಳು. ಅದೇ ಮಾತು. ಅಷ್ಟೇ ಮೆಲ್ಲಗೆ.

"ಸೀಟಿ ಹೆಪ್ಪುಗಟ್ಟಿತ್ತಾ?" ಯಾರೋ ರೇಗಿಸಿದರು. ಎಲ್ಲರೂ ನಕ್ಕರು.

ಸೀಟಿಯನ್ನು ತುಟಿಯಿಂದ ಕಿತ್ತಳು. ಹಿತ್ತಾಳೆಗೆ ಅಂಟಿದ್ದ ಚರ್ಮವೂ ಜೊತೆಗೆ ಬಂತು. ಉಪ್ಪು ರುಚಿ. ಕೈಗವಸಿನಿಂದ ಒರೆಸಿದರೆ ರಕ್ತ. ಆ ದಿನ ಅವನ ತುಟಿಯ ಮೇಲಿದ್ದ ಹನಿ ನೆನಪಾಯಿತು. ಜನ ನಕ್ಕಾಗ ಕೆಂಪಾದ ಅವನ ಮುಖ ನೆನಪಾಯಿತು.

'ಅವನು ಏನು ಹೇಳಬೇಕಾಗಿತ್ತು? ಇಡೀ ಊರು ನೆಪ ಅಂತ ನಗೋ ಮಾತನ್ನೇ ಹೇಳಬೇಕಾಗಿತ್ತಾ? ನಾನು... ನಾನಾದರೂ ನಂಬ್ತಿದ್ನಾ?'

ಅವಳು ಐಸಿನ ಮೇಲೆ ಕೂತು ಅತ್ತಳು. ತುಟಿ ನೋವಿಗೆ ಅಳುತ್ತಿದ್ದಾಳೆ ಎಂದುಕೊಂಡು ಹುಡುಗಿಯರು ಓಡಿ ಬಂದರು. ಆ ದಿನ ಅವನ ಸೀಟಿಯೂ ಹೀಗೇ ಹೆಪ್ಪುಗಟ್ಟಿತ್ತು ಎಂದು ಅವಳು ಹೇಳಿದಾಗ ಎಲ್ಲರ ನಗು ನಿಂತಿತು.

ಸಮಿತಿಯ ಮುಂದೆ ನಿಜವನ್ನೇ ಹೇಳುತ್ತೇನೆ ಎಂದಾಗ ಮಾತ್ರ ಜಿಲೇನ್ ಸಿಡಿದಳು. "ತಲೆ ಕೆಟ್ಟಿದೆಯೇನೇ ನಿಂಗೆ? ಇರೋ ಒಂದು ಊರುಗೋಲನ್ನೂ ನೀನೇ ಮುರೀತೀಯಾ?"

"ಅದು ಊರುಗೋಲೇ ಅಲ್ಲ ಕಣೇ. ಗೆದ್ದಿದ್ವಿ, ಅದಕ್ಕೆ ಐಸು ಕೊಡಿ ಅಂತೀವಿ. ಸರಿ, ಮುಂದಿನ ವರ್ಷ ಸೋತ್ರೆ? ಆಗ ಕಿತ್ಕೊಳ್ಳಿ ಅಂತ ನಾವೇ ಹೇಳಿದ ಹಾಗಲ್ವಾ?"

ಜಿಲೇನ್ ಬಾಯಿ ತೆರೆದಳು, ಮುಚ್ಚಿದಳು. ಅವಳ ಬಾಯಿ ಮುಚ್ಚಿದ್ದು ತಂಡದ ಇತಿಹಾಸದಲ್ಲೇ ಅದು ಮೊದಲು.

ಸಮಿತಿಯ ದಿನ ಲೆಸ್ಯಾ ಒಡೆದ ತುಟಿಯಲ್ಲೇ ಎದ್ದು ನಿಂತಳು. ಆ ಗೋಲು ಆಗಿರಲಿಲ್ಲ, ರೆಫರಿಯ ತೀರ್ಮಾನ ಸರಿಯಿತ್ತು, ತಾನು ಕೈಗವಸು ಎಸೆದು ಬೆಂಚಿನಲ್ಲಿ ಕೂತದ್ದರಿಂದಲೇ ಎದುರಾಳಿಗಳಿಗೆ ದಾರಿಯಾಯಿತು ಎಂದು ಒಂದೇ ಉಸಿರಿಗೆ ಹೇಳಿದಳು.

ಹಾಲ್ಡೇನ್ ಕನ್ನಡಕ ತೆಗೆದರು. "ಅಂದ್ರೆ ಸೋತಿದ್ದೀವಿ ಅಂತ ಒಪ್ಕೋತೀಯ."

"ಸೋತ್ವಿ ಸರ್. ಈ ವರ್ಷ ಗಂಡಸರ ಎರಡನೇ ತಂಡ ಒಂದು ಪಂದ್ಯಾನೂ ಗೆದ್ದಿಲ್ಲ. ಅವರ ಐಸು ಯಾವಾಗ ಕಿತ್ಕೋತೀರಿ?"

ಮೂಲೆಯಲ್ಲಿ ಕೂತಿದ್ದ ಮುದಿ ಪ್ರೊಫೆಸರೊಬ್ಬರು ಮೊದಲು ನಕ್ಕರು. ಆಮೇಲೆ ಇನ್ನಿಬ್ಬರು. ಹಾಲ್ಡೇನ್ ನಗಲಿಲ್ಲ, ಕನ್ನಡಕ ಮತ್ತೆ ಹಾಕಿಕೊಂಡು ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಸಿಕ್ಕಿದ್ದು ಗಂಡಸರು ಹಾಸಿಗೆ ಬಿಟ್ಟು ಏಳುವ ಮೊದಲಿನ ಹೊತ್ತಿನ ಐಸು. ಸಿಕ್ಕಿತಲ್ಲ, ಸಾಕು. ಅಲ್ಲಿಂದ ಮುಂದೆ ಬ್ರೆನ್ಲಿಯ ಹೆಂಗಸರ ತಂಡ ನಿಂತಿಲ್ಲ. ಗೆದ್ದ ವರ್ಷಗಳಿವೆ, ಸೋತು ಸುಣ್ಣವಾದ ವರ್ಷಗಳೂ ಇವೆ. ಓಣಿಯ ಗೋಡೆಯಲ್ಲಿ ಎರಡರ ಫೋಟೋಗಳೂ ಇವೆ, ಪ್ರತಿಯೊಂದರ ಕೆಳಗೂ ಹೆಸರುಗಳಿವೆ.

ಗೆಳತಿಯರು ಕುಣಿಯುತ್ತಿದ್ದಾಗ ಲೆಸ್ಯಾ ಕೋಟು ಹಾಕಿಕೊಂಡು ನದಿಯ ಕಡೆ ನಡೆದಳು. ಒಂದು ಸಂಗತಿ ಕೆಲವು ದಿನಗಳಿಂದ ಅವಳ ತಲೆ ಕೊರೆಯುತ್ತಿತ್ತು. ರೆಫರಿ ಬರುವುದು ನಿಂತ ಮೇಲೂ ಐಸು ಮಾತ್ರ ದಿನಾ ಬೆಳಿಗ್ಗೆ ಕನ್ನಡಿಯ ಹಾಗೆ ನುಣುಪಾಗಿರುತ್ತಿತ್ತು. ಹುಡುಗಿಯರಲ್ಲಿ ಯಾರೂ ನೀರು ಹಾಕುತ್ತಿರಲಿಲ್ಲ.

ಹೊತ್ತು ಮುಳುಗುತ್ತಿತ್ತು. ದಡದಲ್ಲಿ ಹಸಿರು ಟ್ರಕ್ಕು ನಿಂತಿತ್ತು. ಐನಾರ್ ಪೈಪು ಹಿಡಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ನೀರು ಹಾಯಿಸುತ್ತಿದ್ದ.

ಅವಳನ್ನು ಕಂಡು ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನಿಂತ.

"ತಂಡ ವಾಪಸ್ ಬಂತು," ಎಂದಳು.

ಅವನ ಮುಖ ಅರಳಿತು. ಆಮೇಲೆ ಅವಳ ತುಟಿ ಕಂಡು ಬಾಡಿತು. "ತುಟಿಗೇನಾಯ್ತು?"

"ನಿನ್ನ ಸೀಟಿ."

ನಿನ್ನ! ಇಡೀ ಚಳಿಗಾಲ 'ನೀವು' ಎಂದವಳ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಅವನು ಪೈಪು ಕೆಳಗಿಟ್ಟ. ಹೇಳದೆಯೇ ಎಲ್ಲವೂ ಅವನಿಗೆ ಗೊತ್ತಾಯಿತು.

"ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ಊರೆಲ್ಲ ನಗ್ತಿತ್ತು."

"ನಾನು?"

"ನೀನು ಎಲ್ಲರಿಗಿಂತ ಜೋರಾಗಿ ನಗ್ತಿದ್ದೆ."

ನಿಜವೇ. ಅವಳು ತಲೆ ತಗ್ಗಿಸಿದಳು. ಕಣ್ಣೀರು ಕೆನ್ನೆಯ ಮೇಲೆ ಅಲ್ಲೇ ತಣ್ಣಗೆ ನಿಂತಿತು. "ತಪ್ಪಾಯ್ತು," ಎಂದಳು. ಒಂದು ವರ್ಷದಿಂದ ಅವನ ಬಾಯಿಂದ ಕೇಳಬೇಕೆಂದಿದ್ದ ಮಾತು ಅವಳ ಬಾಯಿಂದಲೇ ಬಂತು.

ಅವನು ಬೇಡ ಎಂಬಂತೆ ತಲೆಯಾಡಿಸಿದ.

"ಇನ್ನೊಂದು ಕೇಳ್ತೀನಿ," ಎಂದಳು ಲೆಸ್ಯಾ. "ಬರ್ಬೇಡ ಅಂದವಳ ಐಸಿಗೆ ದಿನಾ ಬಂದು ನೀರು ಹಾಕ್ಬೇಕು ಅಂತ ಯಾವ ನಿಯಮದಲ್ಲಿದೆ?"

ಲೆಕ್ಕದ ಮೇಷ್ಟ್ರಿಗೆ ಉತ್ತರ ಗೊತ್ತಿತ್ತು, ಬಾಯಿ ತೆರೆದರೆ ದನಿ ಬರಲಿಲ್ಲ. ಬಿಳಿ ಉಸಿರು ಮಾತ್ರ ಬಂತು. ಎರಡನೇ ಸಲವೂ ಅಷ್ಟೇ. ಕೊನೆಗೆ ಅವನು ನಕ್ಕುಬಿಟ್ಟ.

"ಏನ್ ಮಾಡ್ಲಿ... ಸೀಟಿ ಹೆಪ್ಪುಗಟ್ಟಿತ್ತು."

ಅವಳೂ ನಕ್ಕಳು. ಒಡೆದ ತುಟಿ ಮತ್ತೆ ಬಿರಿದು ಉರಿಯಿತು, ಆದರೂ ನಕ್ಕಳು.

"ನಿರ್ಧಾರ ಯಾವಾಗ ಮಾಡ್ದೆ, ರೆಫರಿ?"

"ನೀನು ಕೈಗವಸು ಎಸೆದ್ಯಲ್ಲ, ಆಗ."

"ಹಾಗಾದ್ರೆ ಅವತ್ತಿಂದ್ಲೇ ಲೆಕ್ಕ. ಸದ್ದು ಆಮೇಲಿಂದು. ನಿಯಮ ಇರೋದೇ ಹಾಗೆ."

ಅವಳು ಹತ್ತಿರ ಬಂದು ಕೈಗವಸು ಬಿಚ್ಚಿದಳು. ಅಂಗೈಯಲ್ಲಿ ಹಿತ್ತಾಳೆಯ ಸೀಟಿ ಇತ್ತು. ದಾರಿಯುದ್ದಕ್ಕೂ ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದಿದ್ದಳು.

"ತಗೋ, ಬೆಚ್ಚಗಿದೆ," ಎಂದಳು. "ಈಗ ಊದು."

ಅವನು ಊದಿದ. ಈ ಸಲ ನದಿಯ ಆಚೆ ದಡದವರಿಗೂ ಕೇಳಿಸಿತು.